ದಾಳಿಂಬೆ ಗಿಡ ಮತ್ತು ಚಂದ್ರಿಯ ಗೆಜ್ಜೆ

"ಈ ಗಿಡದಿಂದ ಬೆಕ್ಕಿಗೇನರ ಆಗತೈತೇನ್ರಿ?"

ಕುಷ್ಟಗಿಯ ತನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತು ದಾನೇಶ್ವರಿ ಕೇಳಿದ್ದಳು. ಎದುರಿಗೆ ರುದ್ರೇಶ, ಕೈಯಲ್ಲಿ ಹಳೇ ಡಬ್ಬಿಯಲ್ಲಿ ನೆಟ್ಟ ದಾಳಿಂಬೆ ಗಿಡ. ತಂಗಿಯ ರವಿಕೆ ಹೊಲಿಸಲು ಬರುತ್ತಿದ್ದವನು ಅಂದು ರವಿಕೆಯನ್ನೇ ಮರೆತು ಬಂದಿದ್ದ.

"ದಾಳಿಂಬ್ರಿಗೆ ವಿಷ ಎಲ್ಲಿಂದ ಬರತೈತ್ರಿ? ನಮ್ಮ ತೋಟದಾಗ ಬೆಕ್ಕು ಅದರ ನೆಳ್ಳಾಗ ಮಲಗತಾವ."

ಅವನ ನಗು ನೋಡಿ ಅವಳು ನಂಬಿ, ಗಿಡವನ್ನು ಬಾಗಿಲ ಹೊರಗೆ ಇಟ್ಟುಕೊಂಡಳು. ಅವಳ ಬೆಕ್ಕು ಚಂದ್ರಿಯೂ ಕೊರಳ ಗೆಜ್ಜೆ ಆಡಿಸುತ್ತ ಬಂದು ಕಾಂಡಕ್ಕೆ ಕೆನ್ನೆ ಉಜ್ಜಿತು. ದಾನೇಶ್ವರಿ ಫೋಟೊ ತೆಗೆದು ಅವನಿಗೆ ಕಳಿಸಿದಳು.

ಮರುದಿನ ಚಂದ್ರಿ ಜೊಲ್ಲು ಸುರಿಸಿ, ನಡುಗಿ ನಡುಗಿ, ಅವಳ ಮಡಿಲಲ್ಲೇ ಸತ್ತಿತು.

'ಇನ್ನ ಬರಬ್ಯಾಡ್ರಿ' ಎಂದು ರುದ್ರೇಶನಿಗೆ ಒಂದೇ ಸಾಲು ಬರೆದಳು. ಅವನು ಏನೇನೋ ಬರೆದ. ಅವಳು ಓದಲಿಲ್ಲ.

ಆಮೇಲೆ ಶುರುವಾಯಿತು... ಮಧ್ಯಾಹ್ನ ಮಷಿನ್ ನಿಲ್ಲಿಸಿದ ಕೂಡಲೇ ಗಿಡದ ಬುಡದಲ್ಲಿ ಗೆಜ್ಜೆಯ ಸದ್ದು. ಗೆಜ್ಜೆ ನೋಡಿದರೆ ಕತ್ತರಿ ಇಡುವ ಡ್ರಾವರಿನಲ್ಲಿತ್ತು!

ಗಿಡ ಕಿತ್ತೆಸೆಯಲು ಕೈ ಬರಲಿಲ್ಲ. ಚಂದ್ರಿ ಮುಟ್ಟಿದ ಗಿಡ. ಅವನು ಕೊಟ್ಟ ಗಿಡವೂ ಹೌದು, ಅದನ್ನು ಒಪ್ಪಿಕೊಳ್ಳಬಾರದೆಂದು ಮಾತ್ರ ಹುಡುಗಿಗೆ ಹಟ. 'ಅವನ ಮೇಲಿನ ಆಸೆಗೆ ನಾನೇ ಚಂದ್ರಿಯನ್ನು ಕೊಂದೆನಾ?'

ಎಂಟು ತಿಂಗಳಾಯಿತು. ಗಿಡ ಮೊದಲ ಕಾಯಿ ಬಿಟ್ಟಿತು. ಬೀದಿಯ ಬೆಕ್ಕಿನ ಮರಿಯೊಂದು ಬಂದು ಬುಡದಲ್ಲಿ ಮಲಗತೊಡಗಿತು. ಅವಳು ಅಳುತ್ತಲೇ ಪೊರಕೆ ಹಿಡಿದು ಓಡಿಸುತ್ತಿದ್ದಳು, ಅದು ಮತ್ತೆ ಬರುತ್ತಿತ್ತು.

ಅಂಥ ಒಂದು ಮಧ್ಯಾಹ್ನ ರುದ್ರೇಶ ಬಂದ. ಕೈಬೆರಳೆಲ್ಲ ಕೆಂಪು.

"ಬರಬ್ಯಾಡ್ರಿ ಅಂದಿದ್ದೆ."

"ಒಂದು ಮಾತು ಹೇಳಿ ಹೋಗ್ತೀನ್ರಿ. ಕಾಂಡಕ್ಕ ಹುಳ ಬೀಳಬಾರದಂತ ನಾವು ಕೆಮ್ಮಣ್ಣಿನಾಗ ಔಷಧ ಕಲಸಿ ಬಳೀತೀವಿ. ಇವತ್ತ ಬಳಿಯಾಕತ್ತಿದ್ದೆ... ಕೈ ನೋಡ್ಕೊಂಡೆ. ನೀವು ಕಳಿಸಿದ ಫೋಟೊದಾಗ ಚಂದ್ರಿ ಕೆನ್ನಿ ಮ್ಯಾಲೆ ಇದ ಕೆಂಪು ಐತ್ರಿ."

ಅವಳು ಹೊಸ್ತಿಲ ಮೇಲೆ ಕೂತು ಫೋನಿನಲ್ಲಿ ಆ ಫೋಟೊ ತೆರೆದಳು.

"ನಿಮಗ ಕೊಡೋ ಗಿಡಕ್ಕೂ ರೂಢಿ ಮ್ಯಾಲೆ ಬಳದಿದ್ದೆ. ದನದ ಡಾಕ್ಟರಿಗೆ ಫೋನ್ ಹಚ್ಚಿದೆ. ದಾಳಿಂಬ್ರಿ ಬೆಕ್ಕಿಗೆ ವಿಷ ಅಲ್ಲಂತ. ಮೈ ನೆಕ್ಕೊಂಡಾಗ ಆ ಔಷಧ ಹೊಟ್ಟಿಗೆ ಹೋಗಿರಬೇಕಂತ. ತಪ್ಪು ಗಿಡದ್ದಲ್ಲ, ನಿಮ್ದೂ ಅಲ್ಲ. ನಂದ್ರಿ."

"ಹೇಳದಿದ್ರ ನನಗ ಗೊತ್ತ ಆಗ್ತಿರಲಿಲ್ಲ."

"ನನಗ ಗೊತ್ತಾತಲ್ರಿ."

ಅಷ್ಟರಲ್ಲಿ ಮರಿ ಬಂದು ಗಿಡದ ಕಡೆ ನಡೆಯಿತು. ದಾನೇಶ್ವರಿ ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

"ಈ ಮರಿಗೇನರ ಆಗತೈತೇನ್ರಿ?"

ರುದ್ರೇಶ ಬಗ್ಗಿ ಕಾಂಡದ ತೊಗಟೆಯ ಸಂದುಗಳನ್ನು ನೋಡಿದ.

"ಗೊತ್ತಿಲ್ರಿ. ಮಳಿ ನೀರಿಗೆ ಭಾಳಷ್ಟು ತೊಳದು ಹೋಗೈತಿ, ಸಂದ್ಯಾಗ ಉಳದಿದ್ರೂ ಉಳದಿರಬಹುದು. ಗಿಡ ನಾ ಒಯ್ತೀನಿ. ಡಾಕ್ಟರ್ ಹೂಂ ಅಂದ ಮ್ಯಾಲೆ ತರ್ತೀನಿ."

ಗೊತ್ತಿಲ್ಲ! ಅಂದೇ ಈ ಮಾತು ಹೇಳಿದ್ದರೆ... ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅಲ್ಲಿಂದ ಕದಲಲಿಲ್ಲ.

"ನನ್ನ ತಪ್ಪು ಮರೀತೀರೇನ್ರಿ?"

"ಇಲ್ಲ. ಆದ್ರೂ ಬರ್ರಿ."

ಅವಳು ಡ್ರಾವರಿನಿಂದ ಗೆಜ್ಜೆ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಇದನ್ನ ಗಿಡದ ಟೊಂಗಿಗೆ ಕಟ್ರಿ. ಹೊಳ್ಳಿ ಬಂದದ್ದು ನನಗ ಕೇಳಸಬೇಕು."

"ಗಿಡ ಬಂದದ್ದಾ?"

"ನೀವು ಬಂದದ್ದು."