ಐದನೆಯ ನಂಬರಿನವನ ಹೆಚ್ಚುವರಿ ಕ್ಯಾಲೊರಿ

ಗಡಿಯಾರ ಸುಳ್ಳು ಹೇಳುತ್ತಿದೆ ಎಂದು ಹೆಲ್ಮಿಗೆ ಎರಡನೆಯ ವಾರವೇ ಖಾತ್ರಿಯಾಗಿತ್ತು. ಕುರ್ಚಿಗೊರಗಿ ಅಲುಗಾಡದೆ ಕೂತ ಮನುಷ್ಯ ಅರ್ಧ ಗಂಟೆಯಲ್ಲಿ ತೊಂಬತ್ತು ಕ್ಯಾಲೊರಿ ಸುಟ್ಟ ಎಂದರೆ ಯಾರು ನಂಬುತ್ತಾರೆ? ಅದರಲ್ಲಿ ಅರ್ಧವೇ ಹೆಚ್ಚು.

ಉತ್ತರದ ಹಿಮನಾಡಿನ ಔಲು ನಗರದ ಆ ಕೈಗಡಿಯಾರ ಕಂಪನಿಯಲ್ಲಿ ಇಂಥ ಸುಳ್ಳು ಹಿಡಿಯುವುದೇ ಅವಳ ಕೆಲಸ. ಜಿಮ್ಮಿನಲ್ಲಿ ಬೆವರು ಸುರಿಸುವವರಿಗೆ ಎಷ್ಟು ಕ್ಯಾಲೊರಿ ಕರಗಿತೆಂದು ಹೇಳುವ ಗಡಿಯಾರ ಅದು. ಎದೆಬಡಿತ ಎಣಿಸಿ ಅಂದಾಜು ಮಾಡುತ್ತದೆ. ಅಂದಾಜು ಸರಿಯೋ ತಪ್ಪೋ ನೋಡಲು ಮುಖಕ್ಕೊಂದು ಮಾಸ್ಕು ಕಟ್ಟಿ ಉಸಿರನ್ನು ಅಳೆಯುತ್ತಾರೆ. ಪರೀಕ್ಷೆಗೆ ಬಂದವರು ಹನ್ನೆರಡು ಜನ, ಒಬ್ಬೊಬ್ಬರಿಗೂ ಹನ್ನೆರಡು ವಾರ. ಮೊದಲು ಅರ್ಧ ಗಂಟೆ ಸುಮ್ಮನೆ ಕೂರಬೇಕು, ಆಮೇಲೆ ಅರ್ಧ ಗಂಟೆ ಸೈಕಲ್ ತುಳಿಯಬೇಕು. ಹನ್ನೊಂದು ಜನರ ವಿಷಯದಲ್ಲಿ ಗಡಿಯಾರಕ್ಕೂ ಮಾಸ್ಕಿಗೂ ತಕರಾರಿರಲಿಲ್ಲ. ಐದನೆಯ ನಂಬರಿನವನು ಕೂತರೆ ಮಾತ್ರ ಎರಡಕ್ಕೂ ಜಗಳ.

ಅವನು ಇಲ್ಮಾರಿ. ಊರಿನ ಕಾಡಿನಲ್ಲಿ ಸ್ಕೀ ಹಾದಿಯ ಹಿಮವನ್ನು ಹದ ಮಾಡುವ ದೊಡ್ಡ ಯಂತ್ರ ಓಡಿಸುತ್ತಿದ್ದ. ಬೆಳಗಿನ ಕೆಲಸ ಮುಗಿಸಿ, ಕೂದಲಿಗೆ ಟೋಪಿಯ ಗುರುತು ಹೊತ್ತು ಪ್ರತಿ ಗುರುವಾರ ಬರುತ್ತಿದ್ದ. ಬಂದ ಕೂಡಲೇ ಮಾಸ್ಕು. ಮಾಸ್ಕು ಕಟ್ಟಿದ ಮೇಲೆ ಅವನು ಮಾತಾಡುವಂತಿಲ್ಲ. ಹೊರಗೆ ಕಾಣುವುದು ಎರಡು ಕಣ್ಣು, ಎರಡು ಹುಬ್ಬು ಮಾತ್ರ. ಆ ಹುಬ್ಬುಗಳಿಗಾದರೂ ಸ್ವಲ್ಪ ಸಂಕೋಚ ಬೇಡವೇ? ಹೆಲ್ಮಿ ಒಂದು ಮಾತು ಆಡಿದರೆ ಎಡದ್ದು ಏರುತ್ತಿತ್ತು, ಇನ್ನೊಂದು ಆಡಿದರೆ ಬಲದ್ದು.

"ನಗಬೇಡಿ. ನಕ್ಕರೆ ಉಸಿರಿನ ಲೆಕ್ಕ ತಪ್ಪುತ್ತೆ."

ಕಣ್ಣು ಇನ್ನಷ್ಟು ನಗುತ್ತಿತ್ತು.

"ನಮ್ಮ ಅಪಾರ್ಟ್‌ಮೆಂಟಿನ ಸೌನಾ ಹಬೆಮನೇಲಿ ಈ ವಾರ ಏನಾಯ್ತು ಗೊತ್ತಾ? ನನ್ನ ಸರದಿಯ ಹೊತ್ತಲ್ಲಿ ಮೂರನೇ ಮಹಡಿಯವರು ಬಂದು ಕೂತ್ಬಿಟ್ಟಿದ್ರು. ನಾನು ಬಾಗಿಲಲ್ಲಿ ಟವೆಲ್ ಹಿಡ್ಕೊಂಡು ನಿಂತಿದೀನಿ. ಅವರೂ ಮಾತಾಡಲ್ಲ, ನಾನೂ ಮಾತಾಡಲ್ಲ!"

ಎರಡೂ ಹುಬ್ಬು ಒಟ್ಟಿಗೆ ಏರಿದವು. ಪರದೆಯ ಮೇಲೆ ಕ್ಯಾಲೊರಿಯೂ ಏರಿತು.

ಅವಳು ಗಡಿಯಾರವನ್ನು ಮೂರು ಸಲ ಬದಲಿಸಿದಳು. ಪಟ್ಟಿ ಬಿಗಿ ಮಾಡಿದಳು, ಸಡಿಲ ಮಾಡಿದಳು. ಕೊನೆಗೆ ದೋಷದ ವರದಿ ಬರೆದು ಕಳಿಸಿದಳು. ಮೂವರು ಎಂಜಿನಿಯರುಗಳು ಒಂದು ವಾರ ತಲೆ ಕೆಡಿಸಿಕೊಂಡು, ಏನೂ ಸಿಗದೆ ಕೈಚೆಲ್ಲಿದರು.

ಹನ್ನೊಂದನೆಯ ಗುರುವಾರ ಹೆಲ್ಮಿಗೆ ಹಲ್ಲುನೋವು. ಅವಳ ಬದಲಿಗೆ ಮೇಲಧಿಕಾರಿ ರೈಯಾ ಇಲ್ಮಾರಿಯ ಪರೀಕ್ಷೆ ನಡೆಸಿದಳು. ಅರವತ್ತರ ಹೆಂಗಸು, ನಿವೃತ್ತಿಗೆ ಎರಡೇ ವರ್ಷ, ಯಾರ ಮುಲಾಜೂ ಇಲ್ಲದವಳು. ಮರುದಿನ ಕಾಫಿ ಕೋಣೆಯಲ್ಲಿ ಹೆಲ್ಮಿಯನ್ನು ಹಿಡಿದಳು.

"ಗಡಿಯಾರಕ್ಕೆ ಏನೂ ಆಗಿಲ್ಲ ಕಣೇ. ನಿನ್ನೆ ಅವನದು ನಲವತ್ತೊಂದು. ಮಾಸ್ಕಲ್ಲೂ ಅಷ್ಟೇ. ಕಲ್ಲು ಕೂತ ಹಾಗೆ ಕೂತಿದ್ದ."

"ಅದು ಹೇಗೆ ಸಾಧ್ಯ?"

"ನೀನು ಅಲ್ಲಿ ಏನು ಮಾಡ್ತಿರ್ತೀಯಾ?"

"ಏನೂ ಇಲ್ಲ. ಸ್ವಲ್ಪ ಮಾತಾಡ್ತೀನಿ."

"ಸುಮ್ಮನೆ ಕೂರೋ ಪರೀಕ್ಷೇಲಿ ಮಾತು! ಉಳಿದ ಹನ್ನೊಂದು ಜನರ ಹತ್ರಾನೂ ಹೀಗೇ ಮಾತಾಡ್ತೀಯಾ?"

"ಇಲ್ಲಪ್ಪ, ಅವರ ಹತ್ರ ಬಾಯೇ ಬಿಡಲ್ಲ," ಎಂದು ಹೇಳಿಬಿಟ್ಟ ಮೇಲೆ ಹೆಲ್ಮಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ಮುಖ ಕಿವಿಯವರೆಗೂ ಕೆಂಪಾಯಿತು. ರೈಯಾ ಪುಲ್ಲಾ ಬನ್ನಿನ ತುಂಡನ್ನು ಕಾಫಿಯಲ್ಲಿ ಅದ್ದಿ, ನಿಧಾನವಾಗಿ ತಿಂದು ಮುಗಿಸಿದಳು.

"ನಿಯಮ ಗೊತ್ತಲ್ಲ? ಪರೀಕ್ಷೆಗೆ ಬಂದವರ ಜೊತೆ ಸ್ವಂತದ ನಂಟು ಇದ್ರೆ ಅವರ ಲೆಕ್ಕ ರದ್ದು. ಹನ್ನೆರಡು ಜನ ಇರಲೇಬೇಕು. ಒಬ್ಬ ಹೋದ್ರೆ ಹೊಸಬನ್ನ ಹುಡುಕಿ ಮತ್ತೆ ಹನ್ನೆರಡು ವಾರ. ಮೇಲಿನವರು ನಿನ್ನ ಸುಮ್ಮನೆ ಬಿಡಲ್ಲ."

"ನಂಟು ಗಿಂಟು ಏನೂ ಇಲ್ಲ."

"ಇಲ್ಲದಿದ್ರೆ ಒಳ್ಳೇದು. ಮುಂದಿನ ವಾರ ಅವನದು ಕೊನೇ ಪರೀಕ್ಷೆ."

ಆ ಒಂದು ವಾರ ಹೆಲ್ಮಿ ಎಲ್ಲೂ ನೆಟ್ಟಗೆ ಕೂರಲಿಲ್ಲ. ಸೈಕಲ್ಲಿನಲ್ಲಿ ಮನೆಯ ತಿರುವು ದಾಟಿ ಮುಂದೆ ಹೋದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಅವನ ಫೋನ್ ನಂಬರು ಕಡತದಲ್ಲಿತ್ತು, ಆದರೆ ಕಡತದ ನಂಬರಿಗೆ ಫೋನ್ ಮಾಡಿದರೆ ಕೆಲಸ ಹೋಗುತ್ತದೆ. ಗುರುವಾರ ಬಾಯಿ ಮುಚ್ಚಿಕೊಂಡಿದ್ದರೆ ಅವನು ಜಾಕೆಟ್ ಹಾಕಿಕೊಂಡು ಹೊರಟುಹೋಗುತ್ತಾನೆ, ಅಷ್ಟೇ. ಅವನ ಎದೆ ಬಡಿದುಕೊಂಡದ್ದು ಬರೀ ತನ್ನ ಗದ್ದಲಕ್ಕೆ ಬೇಸತ್ತೋ ಏನೋ.

ಗುರುವಾರ ಅವಳು ಮಾಸ್ಕು ಕಟ್ಟಿ, ಯಂತ್ರ ಚಾಲೂ ಮಾಡಿ, ತುಟಿ ಬಿಗಿದು ಕೂತಳು.

ಐದು ನಿಮಿಷ. ಅವನ ಎಡ ಹುಬ್ಬು ಏರಿತು. ಅವಳು ಕಿಟಕಿ ನೋಡಿದಳು. ಹತ್ತು ನಿಮಿಷ. ಅವನು ತಲೆ ಬಾಗಿಸಿ ಅವಳ ಮುಖವನ್ನೇ ಹುಡುಕಿದ. ಆ ನೋಟದಲ್ಲಿ ಇಂದು ನಗುವಿರಲಿಲ್ಲ, ಕಳವಳವಿತ್ತು. ಹೆಲ್ಮಿ ಪರದೆಯತ್ತ ತಿರುಗಿದಳು. ಅವಳು ಒಂದು ಮಾತೂ ಆಡದಿದ್ದರೂ ಅವನ ಎದೆಬಡಿತ ಎಂದಿಗಿಂತ ಮೇಲೇರಿತ್ತು. ತನ್ನ ಮಾತಿನ ತಪ್ಪಲ್ಲ ಹಾಗಾದರೆ, ಎಂದುಕೊಂಡಳು.

ಹದಿನಾಲ್ಕನೆಯ ನಿಮಿಷಕ್ಕೆ ಅವಳು ಯಂತ್ರ ನಿಲ್ಲಿಸಿದಳು.

"ಇಲ್ಮಾರಿ, ನನಗೆ ನೀವು ಇಷ್ಟ. ತುಂಬಾ ಇಷ್ಟ. ಇದನ್ನ ಹೇಳಿದ್ರೆ ನಿಮ್ಮ ಲೆಕ್ಕ ರದ್ದಾಗುತ್ತೆ. ಹೇಳಿಬಿಟ್ಟೆ."

ಅವನು ಅವಸರದಲ್ಲಿ ಮಾಸ್ಕಿನ ಪಟ್ಟಿ ಎಳೆದ. ಅದು ಕೂದಲಿಗೆ ಸಿಕ್ಕಿಕೊಂಡಿತು. ಇನ್ನೂ ಎಳೆದ, ಇನ್ನೂ ಗಂಟಾಯಿತು. ಅವಳೇ ಹತ್ತಿರ ಹೋಗಿ ಬಿಡಿಸಬೇಕಾಯಿತು. ಕೆನ್ನೆಯ ಮೇಲೆ ಮಾಸ್ಕಿನ ಕೆಂಪು ಗೀರು.

"ನಾನೇ ಹೇಳಬೇಕಿತ್ತು," ಎಂದ ಇಲ್ಮಾರಿ. "ಹೇಳಿದ್ರೆ ನಿಮ್ಮನ್ನ ತೆಗೆದು ಬೇರೆಯವರನ್ನ ಹಾಕ್ತಾರೆ ಅಂತ ಹೆದರಿ ಸುಮ್ಮನಿದ್ದೆ. ಹೋದ ವಾರ ಹಾಕಿಯೇಬಿಟ್ರು. ನಿಮಗೆ ಏನಾಯ್ತೋ ಅಂತ ಕೇಳೋಕೂ ಆಗಲಿಲ್ಲ."

"ಹಲ್ಲುನೋವು."

"ಈಗ ಹೇಗಿದೆ?"

"ವಾಸಿ," ಎಂದಳು. ಇಬ್ಬರಿಗೂ ಯಾಕೋ ನಗು ಬಂತು.

ಅವಳು ರದ್ದತಿಯ ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು. ಹೆಸರು, ಕಾರಣ. ಕೆಳಗೊಂದು ಖಾನೆ: ನಂಟು ಯಾವ ತಾರೀಖಿನಿಂದ? ಆ ತಾರೀಖಿನಿಂದ ಈಚೆಗಿನ ಲೆಕ್ಕವೆಲ್ಲ ರದ್ದು. ಹೆಲ್ಮಿಯ ಪೆನ್ನು ಅಲ್ಲೇ ನಿಂತಿತು.

"ಇವತ್ತಿನ ತಾರೀಖು ಹಾಕಿ," ಎಂದ ಇಲ್ಮಾರಿ ಮೆಲ್ಲಗೆ. "ಇವತ್ತೊಂದೇ ಹೋಗುತ್ತೆ. ನಿಮಗೂ ತೊಂದರೆ ಇಲ್ಲ."

ಹಾಕಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ಗಡಿಯಾರದ ಸುಳ್ಳು ಹಿಡಿಯುತ್ತೇನೆಂದು ಹನ್ನೆರಡು ವಾರ ಮೆರೆದವಳು ಈಗ ತಾನೇ ಸುಳ್ಳು ಬರೆಯುವುದೆಂದರೆ ಅವಳಿಗೆ ಮನಸ್ಸು ಬರಲಿಲ್ಲ. ರೈಯಾಳ ಮುಖ ಕಣ್ಣ ಮುಂದೆ ಬಂತು. ಬಂದರೆ ಬರಲಿ. ಜನವರಿ ಒಂಬತ್ತು, ಎಂದು ಬರೆದಳು. ಅವನ ಮೊದಲ ಪರೀಕ್ಷೆಯ ದಿನ.

ಇಲ್ಮಾರಿ ಆ ತಾರೀಖನ್ನು ಓದಿದ. ಆಮೇಲೆ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಒಂಬತ್ತನ್ನು ಹೊಡೆದುಹಾಕಿ, ಪಕ್ಕದಲ್ಲಿ ಏಳು ಎಂದು ಬರೆದ.

"ಪರೀಕ್ಷೆಗೆ ಎರಡು ದಿನ ಮೊದಲೇ ಕರೆಸಿ, ಗಡಿಯಾರದ ಪಟ್ಟಿಯ ಅಳತೆ ಸರಿಯಾಗ್ಲಿ ಅಂತ ನನ್ನ ಮಣಿಕಟ್ಟು ಹಿಡ್ಕೊಂಡು ನೋಡಿದ್ರಲ್ಲ," ಎಂದ, "ಆವತ್ತು."