ನಾಲ್ಕನೇ ಹಾಸಿಗೆಯ ಮಾರ್ಫಿನ್

ನೋವಿಗೆ ಮಾರ್ಫಿನ್ ಕೊಟ್ಟು ಅರ್ಧ ಗಂಟೆಯಾದರೂ ನಾಲ್ಕನೇ ಹಾಸಿಗೆಯ ಲಾರಿ ಚಾಲಕ ಎದೆ ಹಿಡಿದು ನರಳುತ್ತಿದ್ದ. ಡಾಕ್ಟರಿಗೆ ಅನುಮಾನ ಬಂತು. ಸಿರಿಂಜಿನಲ್ಲಿ ಉಳಿದ ಹನಿಯನ್ನು ಲ್ಯಾಬಿಗೆ ಕಳಿಸಿದರು. ಬರೀ ಉಪ್ಪುನೀರು.

"ಎರಡು ವರ್ಷದ ಕೆಲಸ ಮಣ್ಣುಪಾಲಾಯ್ತು ಸಿಸ್ಟರ್!" ಎಂದು ಹಿರಿಯ ದಾದಿಗೆ ಹೇಳಿದರು.

ಹೃದಯಾಘಾತದಲ್ಲಿ ಮಾರ್ಫಿನ್ ಕೊಟ್ಟರೆ ಉರಿಯೂತ ಏರುತ್ತದೋ ಇಳಿಯುತ್ತದೋ ಎಂದು ಅವರು ರೋಗಿಗಳ ರಕ್ತ ಪರೀಕ್ಷಿಸುತ್ತಿದ್ದರು. ಮನೆಯಲ್ಲೂ ಅದೇ ಮಾತಾಗಿ ಹೆಂಡತಿಗೆ ಸಾಕುಸಾಕಾಗಿತ್ತು.

"ಕೊಟ್ಟವರಿಗೂ ಕೊಡದವರಿಗೂ ಒಂದೇ ಅಂಕಿ ಬರ್ತಿತ್ತು. ಯಾಕೆ ಅಂತ ಈಗ ಗೊತ್ತಾಯ್ತು. ಇಂಜೆಕ್ಷನ್ ಕೊಟ್ಟಿದ್ದು ನಿಮ್ಮ ತಂಗಿ ಅಲ್ವಾ?"

"ಔಷಧಿ ಸ್ಟೋರಲ್ಲೇ ಬದಲಾಗಿರಬಹುದು ಸರ್. ಸಂಜೆವರೆಗೆ ಟೈಮ್ ಕೊಡಿ. ಪೊಲೀಸ್ ಬೇಡ."

ಹಿರಿಯ ದಾದಿ ಎದ್ದಳು. ತಾನೇ ಕೈಹಿಡಿದು ಕೆಲಸ ಕಲಿಸಿದ ತಂಗಿ. ಅವಳನ್ನು ಉಳಿಸಲೇಬೇಕಿತ್ತು.

* * *

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಸಿಸ್ಟರ್," ಸ್ಟೋರಿನವನು ಗೋಗರೆದ. "ಇವತ್ತು ಕತ್ತು ಮುರಿದು ತೆಗೆದ ಶೀಶೆ ವಾರ್ಡಿನ ಬುಟ್ಟಿಲೇ ಇದೆ. ಪರೀಕ್ಷೆ ಮಾಡ್ಸಿ."

ಮಾಡಿಸಿದಳು. ಶೀಶೆಯ ತಳದಲ್ಲಿದ್ದದ್ದು ಅಪ್ಪಟ ಮಾರ್ಫಿನ್. ಅಂದರೆ ಔಷಧ ಬದಲಾದದ್ದು ಸ್ಟೋರಿನಲ್ಲಲ್ಲ, ವಾರ್ಡಿನಲ್ಲಿ ಶೀಶೆ ಒಡೆದ ಮೇಲೆ.

ನಾಲ್ಕನೇ ಹಾಸಿಗೆಯದೂ ಸೇರಿ ಎಲ್ಲ ಚಾರ್ಟುಗಳನ್ನು ತೆಗೆದಳು. ಮಾರ್ಫಿನ್ ಒಳಗೆ ಹೋದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಬೇರೊಬ್ಬ ದಾದಿ ಗಂಟೆಗೊಮ್ಮೆ ಅದನ್ನು ಅಳೆದು ಬರೆಯುತ್ತಿದ್ದಳು. ಮಾರ್ಫಿನ್ ಪಡೆದ ಇಪ್ಪತ್ತು ಮಂದಿಯಲ್ಲಿ ಒಂಬತ್ತು ಮಂದಿಯ ಪಾಪೆ ಒಂದಿಷ್ಟೂ ಕಿರಿದಾಗಿರಲಿಲ್ಲ. ಆ ಒಂಬತ್ತು ಮಂದಿಗೂ ಸಿರಿಂಜು ತುಂಬಿದವಳು ತಂಗಿ.

ಪಕ್ಕದಲ್ಲಿ ಸಾಕ್ಷಿಯ ಸಹಿ. ಒಬ್ಬರು ತುಂಬಬೇಕು, ಇನ್ನೊಬ್ಬರು ಕಣ್ಣಾರೆ ಕಂಡು ಸಹಿ ಹಾಕಬೇಕು. ಅದು ನಿಯಮ. ಆ ಸಹಿ ತನ್ನದೇ. ತಂಗಿಯೇ ತಾನೆ ಎಂದು ಪಾಳಿ ಶುರುವಾಗುವಾಗಲೇ ಎಲ್ಲ ಹಾಳೆಗೂ ಹಾಕಿಬಿಡುತ್ತಿದ್ದಳು.

ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು.

* * *

ಬಟ್ಟೆ ಬದಲಿಸುವ ಕೋಣೆಯಲ್ಲಿ ತಂಗಿ ಬೆಂಚಿನ ಮೇಲೆ ಕುಳಿತಿದ್ದಳು.

"ಎರಡು ಸಿರಿಂಜು. ಉಪ್ಪುನೀರಿಂದು ರೋಗಿಗೆ, ಮಾರ್ಫಿನ್ ಇರೋದು ನಿಂಗೆ. ಅಲ್ವಾ?" ಅಕ್ಕ ಕೇಳಿದಳು.

"ಸೊಂಟ ನೋವಿಗೆ ಅಂತ ಶುರು ಮಾಡ್ದೆ ಅಕ್ಕ. ಈಗ ನೋವೇ ಇಲ್ಲ. ಏನೂ ಇಲ್ಲ. ನಾನು ಸಿರಿಂಜು ತುಂಬೋವಾಗ ನೀನು ಒಂದ್ಸಲಾನಾದ್ರೂ ತಿರುಗಿ ನೋಡ್ತೀಯ ಅಂದ್ಕೊಂಡಿದ್ದೆ."

ಅಕ್ಕ ತಂಗಿಯ ಕೈಹಿಡಿದು ಎಬ್ಬಿಸಿದಳು.

* * *

ಡಾಕ್ಟರ ಮೇಜಿನ ಮೇಲೆ ಒಂಬತ್ತು ಹಾಳೆ ಹರಡಿ, ಅಕ್ಕ ಎಲ್ಲವನ್ನೂ ಬಿಡಿಸಿ ಹೇಳಿದಳು. ತಂಗಿ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು.

ಡಾಕ್ಟರ್ ಫೋನ್ ಎತ್ತಿಕೊಂಡರು. "ಪೊಲೀಸರಿಗೆ ಇವಳ ಹೆಸರು ಹೇಳ್ಲೇಬೇಕು ಸಿಸ್ಟರ್."

"ಒಂಬತ್ತು ಜನ ನೋವಲ್ಲಿ ಒದ್ದಾಡಿದ್ದಾರೆ ಸರ್. ನಾನು ನೋಡ್ದೇನೇ ನೋಡಿದೀನಿ ಅಂತ ಬರೆದಿದೀನಿ," ಎಂದಳು. "ಇಬ್ಬರ ಹೆಸರೂ ಹೇಳಿ."