ಮೆಲ್ಲಗೆ ಅದುರಿದ ಸೇತುವೆ

ಅಜ್ಜಿ ಕಥೆಯ ಹಾಗೆಯೇ ಹೇಳುತ್ತೇನೆ, ಕೇಳಿ. ತಮಿಳು ಸೀಮೆಯ ಮುಲ್ಲೈ ಹೊಳೆಯ ದಡದಲ್ಲಿ ಒಂದೂರು. ಆ ಊರಿಗೊಂದು ಹೊಸ ತೂಗುಸೇತುವೆ. ಯಾರಿಗೂ ತಿಳಿಯದಂತೆ ಅದು ಉಸಿರಾಡುತ್ತಿತ್ತಂತೆ. ಆ ಉಸಿರು ಗೊತ್ತಾದದ್ದು ಒಬ್ಬಳಿಗೆ ಮಾತ್ರ...

ಅರವತ್ನಾಲ್ಕನೇ ಇಸವಿ. ಮಾರ್ಕಯನ್‌ಕೋಟ್ಟೈಯ ತಂಗಮ್ಮಾಳ್ ತಲೆಯ ಮೇಲೆ ತುಂಬಿದ ಕೊಡ ಹೊತ್ತು ಸೇತುವೆಯ ನಡುವೆ ಬಂದಾಗ, ಸೇತುವೆಯ ಯುವ ಇಂಜಿನಿಯರ್ ಒಬ್ಬ ದಾರಿಗಡ್ಡವಾಗಿ ಕೂತಿದ್ದ. ಅವನ ಮುಂದೆ ಅದುರು ಅಳೆಯುವ, ಗಡಿಯಾರದಂಥ ಮುಳ್ಳಿರುವ ಒಂದು ಪೆಟ್ಟಿಗೆ.

"ನಿಲ್ಲು! ನೀನು ನಡೆದ್ರೆ ಮುಳ್ಳು ಕುಣೀತದೆ," ಎಂದ ತಮಿಳಿನಲ್ಲಿ.

"ನಾ ನಿಂತ್ರೂ ನಿಮ್ಮ ಸೇತುವೆ ನಿಲ್ಲಲ್ಲ ಸಾರ್!" ಮನೆಮಾತು ಕನ್ನಡದಲ್ಲೇ ಅವಳ ಬಾಯಿಂದ ಬಂತು.

ಕೊಡದ ನೀರು ಅವಳ ಕತ್ತಿನ ಮೇಲೆ ತುಳುಕಿತು. ಅವನು ತಲೆಯೆತ್ತಿ ನಕ್ಕ. ಆ ನಗುವಿಗೆ ಅವಳು ತಲೆಯ ಮೇಲಿನ ಕೊಡವನ್ನೇ ಮರೆತಳು!

"ಅಡಡಾ, ನಮ್ಮ ಮಾತು! ನಾನು ಜೆಯರಾಜ್, ಊರು ದಿಂಡುಕ್ಕಲ್ಲು. ನಮ್ಮನೇಲೂ ಕನ್ನಡವೇ, ಅರ್ಧ ತಮಿಳು. ಸರಿ, ಹೆಂಗೆ ಅದುರ್ತದೆ ಹೇಳು."

"ಮೆಲ್ಲಗೆ ಅದುರ್ತದೆ ಸಾರ್."

"ಓ, ಸಣ್ಣ ಅದುರು!" ಗುಂಡಿ ತಿರುಗಿಸಿ ಯಂತ್ರವನ್ನು ಇನ್ನಷ್ಟು ಚುರುಕು ಮಾಡಿದ. ಮುಳ್ಳು ಕದಲಲಿಲ್ಲ. "ನೋಡು, ಏನೂ ಇಲ್ಲ!"

ಅವಳು ಹೇಳಿದ್ದು ನಿಧಾನ ಎಂದು. ಅದುರು ದೊಡ್ಡದೇ, ಆದರೆ ತೊಟ್ಟಿಲಿನ ಹಾಗೆ ನಿಧಾನ. ಅವನು ತಪ್ಪು ತಿಳಿದನೆಂದು ಅವಳಿಗೆ ಗೊತ್ತಾಯಿತು. ತಿದ್ದಿದರೆ...?

ಸುಮ್ಮನೆ ನಡೆದುಬಿಟ್ಟಳು.

ಇಪ್ಪತ್ತನೇ ದಿನ ಸೇತುವೆಯ ಒಂದು ಕಂಬಿ ಹಗ್ಗ ಕಿತ್ತುಹೋಯಿತು. ವೀಳ್ಯದೆಲೆಯ ಹೊರೆ ಹೊತ್ತು ದಾಟುತ್ತಿದ್ದ ಅದೇ ಊರಿನ ಪಾಂಡಿ ಕೆಳಗಿನ ಬಂಡೆಯ ಮೇಲೆ ಬಿದ್ದು ಬಲಗೈ ಮುರಿದುಕೊಂಡ.

ಗಂಜಿ ಕೊಡಲು ಹೋದ ತಂಗಮ್ಮಾಳ್ ಅವನೆದುರು ಅತ್ತೇಬಿಟ್ಟಳು. "ನಂಗೆ ಗೊತ್ತಿತ್ತು ಪಾಂಡಿಯಣ್ಣ! ಬಾಯಿ ಬಿಡಲಿಲ್ಲ..."

ಪಾಂಡಿ ಎಡಗೈಯಿಂದ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ನನ್ನ ಹತ್ರ ಅತ್ರೆ ಕೈ ಕೂಡ್ತದಾ ಪುಳ್ಳ, ಹುಚ್ಚುಡುಗಿ? ನಾಳೆ ವಿಚಾರಣೆಗೆ ದೊಡ್ಡ ಆಫೀಸರ್ ಬರ್ತಾರೆ. ಅಲ್ಲಿ ಹೇಳು. ಎಲ್ಲಾ ಹೇಳು."

"ಹೇಳ್ತೀನಣ್ಣ. ಆಣೆ."

ಮರುದಿನ ಚಾವಡಿಯಲ್ಲಿ ಊರೇ ಸೇರಿತ್ತು. "ನಿನಗೆ ಯಾರಾದರೂ ಎಚ್ಚರಿಸಿದ್ದರೇ?" ಎಂದು ಆಫೀಸರ್ ಜೆಯರಾಜನನ್ನು ಕೇಳಿದರು. ಅವನು ತಂಗಮ್ಮಾಳ್ ಕಡೆ ನೋಡಲೂ ಇಲ್ಲ.

"ಯಾರೂ ಇಲ್ಲ ಸಾರ್. ತಪ್ಪು ನನ್ನದೊಂದೇ."

'ಅಯ್ಯೋ, ಕೆಲಸ ಹೋಗ್ತದಲ್ಲಾ ಇವರಿಗೆ!' ಅವಳ ಮನಸ್ಸು ಕೂಗಿತು.

"ಪೊಯ್! ಸುಳ್ಳು ಹೇಳ್ತಾರೆ!" ತಂಗಮ್ಮಾಳ್ ಹೆಂಗಸರ ನಡುವಿನಿಂದ ಎದ್ದಳು. "ನಾನು ಮೆಲ್ಲಗೆ ಅಂದೆ, ನಿಧಾನ ಅಂತ. ಇವರು ಸಣ್ಣದು ಅಂದ್ಕೊಂಡ್ರು."

ಆಫೀಸರ್ ಪೆಟ್ಟಿಗೆಯತ್ತ ನೋಡಿದರು. "ಸೆಕೆಂಡಿಗೆ ನಾಲ್ಕು ಸಲಕ್ಕಿಂತ ನಿಧಾನವಾಗಿ ಅದುರಿದರೆ ಇದಕ್ಕೆ ಗೊತ್ತೇ ಆಗುವುದಿಲ್ಲ. ಎಷ್ಟು ಚುರುಕು ಮಾಡಿದರೂ ಅಷ್ಟೇ. ನಿಧಾನ ಎಂದು ತಿಳಿದಿದ್ದರೆ ಇವನು ಬೇರೆ ಯಂತ್ರ ತರಿಸುತ್ತಿದ್ದ. ನೀನು ಯಾಕಮ್ಮ ತಿದ್ದಲಿಲ್ಲ?"

ಅವಳು ಪಾಂಡಿಯತ್ತ ನೋಡಿದಳು. ಎಲ್ಲಾ ಹೇಳುತ್ತೇನೆಂದು ಆಣೆ ಇಟ್ಟಾಗಿತ್ತು...

"ಅವರು ನಕ್ರು ಸಾರ್. ಆ ನಗು... ಹೋಗಬಾರದು ಅಂತ."

ಅವಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೂಲೆಯಲ್ಲಿದ್ದ ಪಾಂಡಿ ಮಾತ್ರ ಮೆಲ್ಲನೆ ತಲೆಯಾಡಿಸಿದ.

ಜೆಯರಾಜನ ಕೆಲಸ ಉಳಿಯಿತು. ವರದಿಯಲ್ಲಿ ಇಬ್ಬರ ತಪ್ಪೂ ಸೇರಿತು.

ಜನ ಚದುರಿದ ಮೇಲೆ ಅವಳು ಜೆಯರಾಜನನ್ನು ಕೇಳಿದಳು. "ನನ್ನ ಮುಖ ನೋಡೋದೂ ಬೇಡವಾಯ್ತಾ?"

"ನೋಡಿದ್ರೆ ಸುಳ್ಳು ಹೇಳೋಕೆ ಆಗ್ತಿರಲಿಲ್ಲ ತಂಗಂ. ಮದುವೆಯಾಗದ ಹುಡುಗಿ, ಸರ್ಕಾರಿ ಕಾಗದದಲ್ಲಿ ಹೆಸರು ಯಾಕೆ ಅಂತ..."

"ಈಗ ಬಂದೇಬಿಡ್ತಲ್ಲ!"

"ನನ್ನ ಹೆಸರಿನ ಪಕ್ಕದಲ್ಲೇ ಬಂತು." ಅವನ ಕಣ್ಣು ತುಂಬಿತ್ತು. "ಅಲ್ಲೇ ಇರ್ತೀಯಾ?"

"ಇರ್ತೀನಿ..."